ಹೊಳೆದದ್ದೆಲ್ಲ ರಕ್ತವಲ್ಲ

ಕ್ರೈಂ ಧಾರಾವಾಹಿಯ ಎಪಿಸೋಡ್ ಅಂದಮೇಲೆ ಆ ದೃಶ್ಯ ಇದ್ದೇ ಇರುತ್ತದೆ: ತೊಳೆದು ಒರೆಸಿದ ನೆಲ, ರಕ್ತ ಪತ್ತೆಗೆ ಬಳಸುವ ಲ್ಯೂಮಿನಾಲ್ ಎಂಬ ರಾಸಾಯನಿಕದ ಸ್ಪ್ರೇ ಬಾಟಲಿ, ನೀಲಿ ಟಾರ್ಚ್ ಬಿಟ್ಟ ಕೂಡಲೇ ಫಳಫಳ ಹೊಳೆಯುವ ರಕ್ತದ ಕಲೆ.

ಆ ಟಾರ್ಚೇ ಬೇಡ. ನೇರಳಾತೀತ ಬೆಳಕಿನಲ್ಲಿ ಒಣಗಿದ ರಕ್ತ ಕಪ್ಪಾಗಿ ಕಾಣುತ್ತದೆ, ಹೊಳೆಯುವುದಿಲ್ಲ. ಲ್ಯೂಮಿನಾಲ್‌ಗೆ ಬೇಕಿರುವುದು ಕತ್ತಲೆ. ಲ್ಯೂಮಿನಾಲ್, ಹೈಡ್ರೋಜನ್ ಪೆರಾಕ್ಸೈಡ್, ಜೊತೆಗೊಂದು ಕ್ಷಾರ. ಹಿಮೋಗ್ಲೋಬಿನ್‌ನೊಳಗಿನ ಕಬ್ಬಿಣ ತಗುಲಿದರೆ ಈ ಮಿಶ್ರಣ ತಾನಾಗಿಯೇ ನೀಲಿ ಬೆಳಕು ಚೆಲ್ಲುತ್ತದೆ. ಸುಮಾರು 30 ಸೆಕೆಂಡು, ಅಷ್ಟೇ. ಹಾಗಾಗಿ ಸಿಂಪಡಿಸುವ ಮೊದಲೇ ಕ್ಯಾಮೆರಾ ಟ್ರೈಪಾಡ್ ಮೇಲೆ ಕೂತು, ಫೋಕಸ್ ಆಗಿ ಸಿದ್ಧವಿರಬೇಕು.

ಕೈ ಜೋರಾದರೆ ಕೆಲಸ ಕೆಟ್ಟಂತೆ. ದ್ರಾವಣ ಜಾಸ್ತಿಯಾದರೆ ಕಲೆ ಕರಗಿ ಹರಿದು, ಹೆಜ್ಜೆ ಗುರುತಿನ ಅಂಚೇ ಅಳಿಸಿಹೋಗುತ್ತದೆ. ಮಂಜಿನಂತೆ ಬೀಳಬೇಕು.

ಬ್ಲೀಚ್, ತಾಮ್ರ, ಕೆಲವು ಗಡ್ಡೆ ತರಕಾರಿಗಳ ರಸಕ್ಕೂ ಇದೇ ನೀಲಿ ಬರುತ್ತದೆ. ಬ್ಲೀಚ್‌ನದು ಫಕ್ಕನೆ ಮಿಂಚಿ ಆರುತ್ತದೆ, ರಕ್ತದ್ದು ಮೆಲ್ಲಗೆ ಮಂಕಾಗುತ್ತದೆ. ಪಳಗಿದ ಕಣ್ಣಿಗೆ ಈ ವ್ಯತ್ಯಾಸ ಗೊತ್ತಾಗಬಹುದು, ಆದರೆ ಅದು ಪುರಾವೆಯಲ್ಲ. ಸ್ವ್ಯಾಬ್ ತೆಗೆದು ಮನುಷ್ಯರ ರಕ್ತವೇ ಎಂದು ಖಚಿತಪಡಿಸಬೇಕು, ಡಿಎನ್‌ಎ ಪರೀಕ್ಷೆಯೂ ಆಗಬೇಕು. ಧಾರಾವಾಹಿಯಲ್ಲಿ ಮಾತ್ರ ನೀಲಿ ಕಂಡ ಮರುಕ್ಷಣವೇ ಕೈಗೆ ಕೋಳ. ನಿರಪರಾಧಿಯೊಬ್ಬ ಬಚಾವಾಗುವ ಸಾಧ್ಯತೆ ಇರುವುದೇ ಧಾರಾವಾಹಿಯವರು ಕತ್ತರಿಸಿ ಎಸೆದ ಆ ನಿಧಾನದ ಭಾಗದಲ್ಲಿ ಅನ್ನಿಸುತ್ತದೆ.

ಇನ್ನೊಂದು: ಕಲೆಯ ಪಕ್ಕ ಅಳತೆಪಟ್ಟಿ ಇಡುವುದನ್ನು ಯಾರೂ ತೋರಿಸುವುದಿಲ್ಲ. ಕತ್ತಲಲ್ಲಿ ಮಾಮೂಲಿ ಪಟ್ಟಿ ಕಾಣದು, ಹೊಳೆಯುವಂಥದ್ದೇ ಬೇಕು.