ಎಂಟು ಕೆಜಿ ಯಾಕೆ ಕೇಳಿದ್ರಿ?

ಮುರಿದ ಸದ್ದು ನನಗೆ ಕೇಳಿಸಲೇ ಇಲ್ಲ. ಸ್ಕೂಬಾ ಡೈವಿಂಗ್‌ಗೆ ಇಳಿದಾಗ ನೀರೊಳಗೆ ಕೇಳುವುದು ನಮ್ಮದೇ ಉಸಿರಿನ ಗುಳುಗುಳು. ಎಡಗಾಲಿಗೆ ತೊಟ್ಟ ಈಜುರೆಕ್ಕೆಗೆ, ಅಂದರೆ ಫಿನ್‌ಗೆ, ಏನೋ ತಾಗಿದ ಹಾಗಾಯಿತು, ಅಷ್ಟೇ. ತಿರುಗಿ ನೋಡಿದರೆ ಜಿಂಕೆ ಕೊಂಬಿನಂಥ ಹವಳದ ಒಂದು ಕವಲು, ನನ್ನ ಕಿರುಬೆರಳಿನಷ್ಟು ಉದ್ದದ್ದು, ನಿಧಾನಕ್ಕೆ ಉರುಳಿ ಮರಳಿಗೆ ಬಿತ್ತು. ಮುರಿದ ಜಾಗ ಸೀಮೆಸುಣ್ಣದ ಹಾಗೆ ಬೆಳ್ಳಗಿತ್ತು. ಕೊಂಬೆಗಳ ಸಂದಿಯಲ್ಲಿದ್ದ ಮರಿಮೀನುಗಳು ಒಮ್ಮೆ ಚದುರಿ, ಮತ್ತೆ ಅಲ್ಲಿಗೇ ನುಗ್ಗಿದವು.

ಇದಾಗಿದ್ದು ಭಾನುವಾರ. ಇವತ್ತು ಶುಕ್ರವಾರ. ಆ ಬಿಳಿ ಚುಕ್ಕೆ ಇನ್ನೂ ಕಣ್ಣೆದುರಿಗೇ ಇದೆ.

ನಾಚಿಕೆ ಜಾಸ್ತಿ ಆಗಿದ್ದು ಬೆಳಿಗ್ಗೆ ನಾನೇ ಆಡಿದ ಮಾತಿನಿಂದ. ಹಾಯಿದೋಣಿಯಲ್ಲಿ ಆರು ಜನ ಹೋಗಿದ್ದೆವು. ಜಾಗ ಬಂದರೂ ದೋಣಿ ನಡೆಸುವವರು ಲಂಗರು ಬಿಡಲೊಲ್ಲರು. ಒಂದು ಸುತ್ತು, ಎರಡು ಸುತ್ತು, ಮೂರನೇ ಸುತ್ತು. ಸಾಲದ್ದಕ್ಕೆ ಹುಡುಗನೊಬ್ಬನಿಗೆ ಮಾಸ್ಕ್ ಹಾಕಿಸಿ, ನೀರಿಗಿಳಿಸಿ ತಳ ನೋಡಿಸಿದರು. ಬಿಸಿಲು ಏರುತ್ತಿತ್ತು. "ಇಷ್ಟು ದೊಡ್ಡ ಸಮುದ್ರದಲ್ಲಿ ಒಂದು ಲಂಗರು ಹಾಕೋಕೆ ಜಾಗ ಇಲ್ವಾ?" ಅಂದೆ. ಎಲ್ಲರೂ ನಕ್ಕರು. ಅವರು ನಗಲಿಲ್ಲ. "ಮರಳು ಸಿಗಲಿ ಸರ್" ಅಂದರು.

ನಾನು ಲಂಗರಿನ ಕಬ್ಬಿಣದ ಕೊಕ್ಕೆಯನ್ನಷ್ಟೇ ನೋಡಿದ್ದೆ. ಸರಪಳಿಯ ಲೆಕ್ಕ ಹಾಕಿರಲಿಲ್ಲ. ಆಳದ ನಾಲ್ಕೈದು ಪಟ್ಟು ಸರಪಳಿ ಬಿಡಬೇಕು. 8 ಮೀಟರ್ ನೀರಿಗೆ ಹೆಚ್ಚುಕಮ್ಮಿ 40 ಮೀಟರ್. ಅದರಲ್ಲಿ ಬಹುಪಾಲು ತಳದಲ್ಲೇ ಮಲಗಿರುತ್ತದೆ. ಗಾಳಿ ತಿರುಗಿದರೆ ದೋಣಿ ತಿರುಗುತ್ತದೆ, ದೋಣಿಯ ಹಿಂದೆ ಸರಪಳಿಯೂ ಕುಡುಗೋಲಿನ ಹಾಗೆ ತಳವನ್ನು ಸವರಿಕೊಂಡು ಹೋಗುತ್ತದೆ. ಮೆಡಿಟರೇನಿಯನ್‌ನಲ್ಲಿ ಪೊಸಿಡೋನಿಯಾ ಅನ್ನುವ ಕಡಲಹುಲ್ಲು ಹೀಗೇ ಬೋಳಾಗುತ್ತಿದೆ ಎಂದು ಸ್ಪೇನಿನ ಬಲೇರಿಕ್ ದ್ವೀಪಗಳು 2018ರಲ್ಲಿ ಅದರ ಮೇಲೆ ಲಂಗರು ಹಾಕುವುದನ್ನೇ ನಿಷೇಧಿಸಿದವು. ಆ ಹುಲ್ಲಿನ ಬೇರುಕಾಂಡ ಹರಡುವುದು ವರ್ಷಕ್ಕೆ ಕೆಲವೇ ಸೆಂಟಿಮೀಟರ್. ಫ್ಲೋರಿಡಾದ ಕೀ ಲಾರ್ಗೋದಲ್ಲಿ 1981ರಲ್ಲೇ ತಳದ ಬಂಡೆಗೆ ಕೊಂಡಿ ಕೂರಿಸಿ ತೇಲುಗುಂಡು ಬಿಟ್ಟರು. ದೋಣಿಯನ್ನು ಅದಕ್ಕೆ ಕಟ್ಟಿದರಾಯಿತು, ಲಂಗರೇ ಬೇಡ. ಎಷ್ಟು ಸರಳ, ಅಲ್ವಾ? ನಾವು ಹೋದಲ್ಲಿ ಅದೂ ಇರಲಿಲ್ಲ. ಇದ್ದದ್ದು ಆ ಮನುಷ್ಯನ ತಾಳ್ಮೆ ಮಾತ್ರ.

ನಮ್ಮ ಗುಂಪಿನ ಒಬ್ಬರ ಬಗ್ಗೆ ಹೇಳದಿದ್ದರೆ ನಿದ್ದೆ ಬರುವುದಿಲ್ಲ. ದೋಣಿ ಹತ್ತಿದಾಗಿನಿಂದ ಆಕೆಯದು ಸನ್‌ಸ್ಕ್ರೀನ್ ಪಾಠ. ಹವಳಕ್ಕೆ ಹಾನಿ ಅಂತ ಆಕ್ಸಿಬೆನ್‌ಜೋನ್ ಅನ್ನುವ ರಾಸಾಯನಿಕ ಇರುವ ಕ್ರೀಮುಗಳ ಮಾರಾಟ ಹವಾಯಿಯಲ್ಲಿ 2021ರಿಂದ ನಿಂತಿದೆ, ಪೆಸಿಫಿಕ್ ಸಾಗರದ ಪಲಾವ್ ದೇಶ 2020ರಲ್ಲೇ ನಿಲ್ಲಿಸಿತ್ತು ಅಂತ. ಎಲ್ಲ ಸರಿಯೇ. ಆದರೆ ನೀರೊಳಗೆ ಇಳಿದ ಮೇಲೆ ಫೋಟೋಗಾಗಿ ಅದೇ ಹವಳದ ಮೇಲೆ ಮೊಣಕಾಲೂರಿ ಕೂತರು! ಹವಳದ ಜೀವ ಇರುವುದು ಮೇಲಿನ ತೆಳು ಪದರದಲ್ಲಿ. ಒಳಗಿನದೆಲ್ಲ ಸುಣ್ಣದ ಗೂಡು. ಆಕೆಗೆ ಮನಸ್ಸಿನಲ್ಲೇ ಬೈಯುತ್ತಾ ಈಜುತ್ತಿದ್ದೆ. ನನ್ನ ಫಿನ್ ಬಡಿದದ್ದು ಆಗಲೇ.

ಗೈಡ್ ಹುಡುಗಿ ಎಲ್ಲ ನೋಡಿದ್ದಳು. ಬಿದ್ದ ತುಂಡನ್ನು ಎತ್ತಿ, ಅಲೆಗೆ ಉರುಳದ ಹಾಗೆ ಬಂಡೆಯ ಬಿರುಕಿನಲ್ಲಿ ಸಿಕ್ಕಿಸಿದಳು. ಅದೃಷ್ಟವಿದ್ದರೆ ಅಲ್ಲೇ ಅಂಟಿಕೊಂಡು ಬೆಳೆಯುತ್ತದಂತೆ. ಮೇಲೆ ಬಂದ ಮೇಲೆ ಬೈಯುತ್ತಾಳೆ ಅಂದುಕೊಂಡೆ. ಅವಳು ಕೇಳಿದ್ದು ಒಂದೇ.

"ಸರ್, ಎಂಟು ಕೆಜಿ ಯಾಕೆ ಕೇಳಿದ್ರಿ?"

ಮುಳುಗೋಕೆ ಅಂತ ಸೊಂಟಕ್ಕೆ ಕಟ್ಟಿಕೊಳ್ಳುವ ಸೀಸದ ತೂಕದ ಬಗ್ಗೆ. "ಸುಮ್ನೆ, ಇರಲಿ ಅಂತ" ಅಂದೆ.

"ನಿಮಗೆ ನಾಲ್ಕು ಸಾಕು."

ಐದು ದಿನದಿಂದ ಇದೇ ಮಾತು ತಲೆಯಲ್ಲಿ ತಿರುಗುತ್ತಿದೆ. ಯಾಕೆ ಕೇಳಿದೆ? ಹಿಂದೊಮ್ಮೆ ತೂಕ ಸಾಲದೆ, ಎಲ್ಲರೂ ಮುಳುಗಿದ ಮೇಲೂ ನಾನೊಬ್ಬನೇ ಬೆಂಡಿನ ಹಾಗೆ ತೇಲುತ್ತಿದ್ದೆ. ಆ ಅವಮಾನದ ಭಯ. ತೂಕ ಜಾಸ್ತಿಯಾದರೆ ಕೆಳಕ್ಕೆ ಎಳೆಯುತ್ತದೆ. ಅದನ್ನು ಸರಿದೂಗಿಸಲು ಮೈಮೇಲಿನ ಡೈವಿಂಗ್ ಜಾಕೆಟ್‌ಗೆ ಗಾಳಿ ತುಂಬುತ್ತೇವೆ. ಆ ಗಾಳಿ ಎದೆ ಎತ್ತುತ್ತದೆ, ಸೀಸ ಸೊಂಟ ಇಳಿಸುತ್ತದೆ. ಮಲಗಿ ಈಜಬೇಕಾದವನು ಅರ್ಧ ನಿಂತುಕೊಂಡು ಸೈಕಲ್ ತುಳಿಯುತ್ತಾನೆ. ಒದೆತವೆಲ್ಲ ತಳಕ್ಕೆ. ಆಕೆ ಮೊಣಕಾಲೂರಿದ್ದಕ್ಕೂ ಇದೇ ಕಾರಣವೋ ಏನೋ. ನಾನಂತೂ ಕೇಳಲಿಲ್ಲ, ಬೈದುಕೊಂಡೆ.

"ಕೊಂಬಿನ ಹವಳ ಬೇಗ ಬೆಳೆಯುತ್ತೆ ಸರ್, ಕೆಲವು ವರ್ಷಕ್ಕೆ ಹತ್ತು ಸೆಂಟಿಮೀಟರ್. ದುಂಡಗಿನ ಹವಳ ಆಗಿದ್ರೆ ವರ್ಷಕ್ಕೆ ಒಂದೆರಡು ಸೆಂಟಿಮೀಟರ್ ಬಂದರೆ ಹೆಚ್ಚು" ಅಂತ ಸಮಾಧಾನ ಹೇಳಿದಳು. ಸಮಾಧಾನವೇನೂ ಆಗಲಿಲ್ಲ. ಅಲ್ಲಿಗೆ ನಾಳೆ ಇನ್ನೊಂದು ದೋಣಿ ಬರುತ್ತದೆ. ಅದರಲ್ಲೂ "ಇರಲಿ ಅಂತ" ಎಂಟು ಕೆಜಿ ಕಟ್ಟಿಕೊಂಡವನು ಒಬ್ಬನಾದರೂ ಇರುತ್ತಾನೆ.

ಎರಡನೇ ಸಲ ಇಳಿಯುವಾಗ ಅವಳೇ ಬೆಲ್ಟಿನಿಂದ ಸೀಸದ ಬಿಲ್ಲೆಗಳನ್ನು ಒಂದೊಂದಾಗಿ ಜಾರಿಸಿ ತೆಗೆದಳು. ನೀರಿಗೆ ಬಿದ್ದೆ. ಮುಳುಗಲಿಲ್ಲ. "ಉಸಿರು ಪೂರ್ತಿ ಬಿಡಿ" ಅಂದಳು. ಬಿಟ್ಟೆ. ಕಣ್ಣಿನ ಮಟ್ಟದಲ್ಲಿದ್ದ ನೀರು ನಿಧಾನವಾಗಿ ತಲೆಯ ಮೇಲಾಯಿತು. ಮೊದಲ ಬಾರಿಗೆ ಕಾಲು ನನ್ನ ಹಿಂದೆ ಇತ್ತು, ಕೆಳಗಲ್ಲ.

ವಾಪಸ್ ಬರುವಾಗ ದೋಣಿಯವರು "ಹೇಗಿತ್ತು ಸರ್?" ಅಂದರು. ಚೆನ್ನಾಗಿತ್ತು ಅಂದೆ. ಮೂರು ಸುತ್ತು ಹೊಡೆದು ಅವರು ಉಳಿಸಿದ ಜಾಗದಲ್ಲಿ ನಾನು ಏನು ಮಾಡಿ ಬಂದೆ ಅಂತ ಅವರಿಗೆ ಹೇಳಲಾಗಲಿಲ್ಲ.