ಬಾಡಿಗೆ ಕೋಣೆಗೆ ರಟ್ಟಿನ ಕಪಾಟು

ಬಾಡಿಗೆ ಮನೆಯ ಗೋಡೆಗೆ ಮೊಳೆ ಹೊಡೆಯುವ ಹಾಗಿಲ್ಲ. ಬೆಂಗಳೂರಲ್ಲಿ ಹತ್ತಕ್ಕೆ ಹತ್ತರ ಕೋಣೆ ಹಿಡಿದವರಿಗೆ ಓನರ್ ಮೊದಲು ಹೇಳುವ ಮಾತೇ ಅದು. ಹನ್ನೊಂದು ತಿಂಗಳ ಕರಾರು ಮುಗಿದ ಮೇಲೆ ಅಲ್ಲೇ ಇರುತ್ತೀವೋ ಇಲ್ಲವೋ ತಿಳಿಯದಾಗ ಪ್ಲೈವುಡ್ ಕಪಾಟಿಗೆ ದುಡ್ಡು ಸುರಿಯಲು ಯಾರಿಗೂ ಮನಸ್ಸಾಗದು. ಅಂಥ ಒಂದು ಕೋಣೆಗೆ, ಮೂರನೇ ಮಹಡಿಯಲ್ಲಿ, ಹಳೇ ಕಾರ್ಟನ್ ರಟ್ಟಿನಿಂದ ಪುಸ್ತಕದ ಮೂರು ಖಾನೆಗಳನ್ನು ಕೂಡಿಸಿದ ಕೆಲಸದ ವಿವರ ಇದು. ಭಾನುವಾರ ಬೆಳಿಗ್ಗೆ ಕೊಯ್ಯಲು ಕೂತರೆ ಸೋಮವಾರ ಸಂಜೆ ಪುಸ್ತಕ ಜೋಡಿಸಬಹುದು. ನಡುವೆ ಇರುವುದು ಅಂಟು ಒಣಗುವ ಹೊತ್ತು, ಅದನ್ನು ಅವಸರ ಮಾಡುವಂತಿಲ್ಲ.

ರಟ್ಟು ಆರಿಸುವಲ್ಲೇ ಅರ್ಧ ಕೆಲಸ ಮುಗಿಯುತ್ತದೆ. ಮನೆಗೆ ಬರುವ ಆನ್‌ಲೈನ್ ಪಾರ್ಸೆಲ್ ಡಬ್ಬಗಳು ಹೆಚ್ಚಿನವು ಮೂರು ಪ್ಲೈ, ಅಂದರೆ ಎರಡು ಹಾಳೆಗಳ ನಡುವೆ ಅಲೆಯಂತೆ ಮಡಿಸಿದ ಒಂದು ಕಾಗದ, ಅದನ್ನೇ ಇಲ್ಲಿ ಅಲೆ ಎನ್ನುವುದು. ಕಪಾಟಿಗೆ ಅದು ಸಾಲದು. ಐದು ಪ್ಲೈ ಬೇಕು: ಮೂರು ಹಾಳೆ, ನಡುವೆ ಎರಡು ಅಲೆ, ದಪ್ಪ ಸುಮಾರು 7 ಮಿ.ಮೀ. ಫ್ರಿಜ್, ವಾಷಿಂಗ್ ಮೆಷಿನ್‌ಗಳ ಡಬ್ಬಗಳಲ್ಲಿ ಇದು ಸಿಗುತ್ತದೆ. ಗುಜರಿ ಅಂಗಡಿಯಲ್ಲಿ ಕಿಲೊ ಲೆಕ್ಕದಲ್ಲಿ ಕೊಡುತ್ತಾರೆ. ಮೂರು ಖಾನೆಗೆ ದೊಡ್ಡ ಫ್ರಿಜ್ಜಿನ ಡಬ್ಬ ಒಂದು, ವಾಷಿಂಗ್ ಮೆಷಿನ್ನಿನದು ಒಂದು ಇದ್ದರೆ ಸಾಕು. ಅಂಗಡಿಯಲ್ಲೇ ರಟ್ಟಿನ ಮೇಲೆ ಹೆಬ್ಬೆರಳು ಎಳೆದು ನೋಡಿ. ಒಳಗಿನ ಅಲೆ ಒಮ್ಮೆ ಜಜ್ಜಿದ ಜಾಗ ಮೆತ್ತಗೆ ತಗ್ಗುತ್ತದೆ, ಅದು ಮತ್ತೆ ಏಳುವುದಿಲ್ಲ. ನೆನೆದು ಒಣಗಿದ ರಟ್ಟನ್ನೂ ಬಿಡಿ. ಹಾಳೆ ಮತ್ತು ಅಲೆಯನ್ನು ಕಾರ್ಖಾನೆಯಲ್ಲಿ ಹಿಡಿದಿಡುವುದು ಪಿಷ್ಟದ ಅಂಟು; ನೀರು ಬಿದ್ದಲ್ಲಿ ಅದು ಸಡಿಲುತ್ತದೆ, ಮೇಲೆ ಮಾತ್ರ ಗಟ್ಟಿಯಾಗಿ ಕಾಣುತ್ತದೆ.

ಖಾನೆಯ ಅಳತೆ ಹೀಗೆ: ಎತ್ತರ 36 ಸೆಂ.ಮೀ., ಅಗಲ 36, ಆಳ 30. ಪಕ್ಕದ ಗೋಡೆಗಳು ಎರಡು, ಒಂದೊಂದಕ್ಕೂ ಎರಡು ಪದರ ರಟ್ಟು, ಹಾಗಾಗಿ ದಪ್ಪ 14 ಮಿ.ಮೀ. ಮೇಲೊಂದು ಕೆಳಗೊಂದು ಹಲಗೆ, ಒಂದೊಂದಕ್ಕೂ ಮೂರು ಪದರ, 21 ಮಿ.ಮೀ. ಬೆನ್ನಿಗೆ ಒಂದೇ ಪದರ. ಎಲ್ಲ ಕೂಡಿದರೆ ಒಂದು ಖಾನೆಗೆ 1.2 ಚದರ ಮೀಟರ್ ರಟ್ಟು, ತೂಕ ಒಂದೂಕಾಲು ಕಿಲೊ ಆಸುಪಾಸು. ಇದೇ ಅಳತೆಯನ್ನು 18 ಮಿ.ಮೀ. ಪ್ಲೈವುಡ್‌ನಲ್ಲಿ ಮಾಡಿದರೆ ಐದು ಕಿಲೊ ಹತ್ತಿರ ಬರುತ್ತದೆ.

ಕೊಯ್ಯುವ ಮೊದಲು ಅಲೆ ಯಾವ ಕಡೆ ಓಡುತ್ತಿದೆ ಎಂದು ಪೆನ್ಸಿಲ್ಲಿನಲ್ಲಿ ಪ್ರತಿ ತುಂಡಿನ ಮೇಲೂ ಬಾಣದ ಗುರುತು ಹಾಕಬೇಕು. ಪಕ್ಕದ ಗೋಡೆಗಳಲ್ಲಿ ಅಲೆ ನೆಟ್ಟಗೆ ಮೇಲಿಂದ ಕೆಳಕ್ಕೆ ನಿಲ್ಲಬೇಕು, ಭಾರ ಹೊರುವುದು ಆಗ ಮಾತ್ರ. ಅದೇ ರಟ್ಟನ್ನು ಅಡ್ಡ ತಿರುಗಿಸಿ ನಿಲ್ಲಿಸಿ ಕೈಯಿಂದ ಒತ್ತಿದರೆ ಮಡಚಿಕೊಳ್ಳುತ್ತದೆ. ಹಲಗೆಗಳಲ್ಲಿ ಹೊರಗಿನ ಎರಡು ಪದರದ ಅಲೆ ಎಡದಿಂದ ಬಲಕ್ಕೆ, ನಡುವಿನ ಪದರದ್ದು ಹಿಂದಿನಿಂದ ಮುಂದಕ್ಕೆ. ಪ್ಲೈವುಡ್ ಮಾಡುವವರೂ ಪದರಗಳನ್ನು ಹೀಗೇ ಅಡ್ಡಡ್ಡ ಕೂಡಿಸುತ್ತಾರೆ. ವಾಸ್ತುಶಿಲ್ಪಿ ಫ್ರಾಂಕ್ ಗೆಹ್ರಿ 1972ರಲ್ಲಿ ಮಾಡಿದ ಅಂಕುಡೊಂಕಿನ ರಟ್ಟಿನ ಕುರ್ಚಿಯ ಗಟ್ಟಿತನಕ್ಕೂ ಪದರಗಳನ್ನು ಅದಲುಬದಲು ಅಂಟಿಸಿದ್ದೇ ಕಾರಣ.

ಕೊಯ್ಯಲು 18 ಮಿ.ಮೀ. ಅಲಗಿನ ಕಟ್ಟರ್, ಸ್ಟೀಲ್ ಸ್ಕೇಲ್. ಪ್ಲಾಸ್ಟಿಕ್ ಸ್ಕೇಲನ್ನು ಅಲಗು ಕೆತ್ತಿಬಿಡುತ್ತದೆ. ಒಂದೇ ಏಟಿಗೆ ಕತ್ತರಿಸಲು ಹೋಗಬೇಡಿ. ಮೊದಲ ಸಲ ಮೇಲಿನ ಹಾಳೆ ಮಾತ್ರ, ಎರಡನೇ ಸಲ ನಡುವಿನವರೆಗೆ, ಮೂರನೇ ಸಲ ಆಚೆಗೆ. ಅಲಗಿನ ತುದಿ ಮೊಂಡಾದರೆ ಕೊಯ್ತದ ಸದ್ದೇ ಬದಲಾಗುತ್ತದೆ: ಸರ್ರನೆ ಹೋಗುತ್ತಿದ್ದದ್ದು ಕರಕರ ಎನ್ನುತ್ತದೆ, ಅಂಚಿನಲ್ಲಿ ಅಲೆ ಹರಿದು ಚಿಂದಿಯಾಗುತ್ತದೆ. ಆಗ ತುದಿಯ ಒಂದು ತುಂಡು ಮುರಿದುಬಿಡಿ. ಅಲಗು ಉಳಿಸಲು ಹೋಗಿ ರಟ್ಟು ಕೆಡಿಸಿಕೊಳ್ಳುವವರೇ ಹೆಚ್ಚು.

ಅಂಟು ಬಿಳಿ ಫೆವಿಕಾಲ್ ಆದೀತು, ಒಂದು ಖಾನೆಗೆ ಸುಮಾರು 100 ಗ್ರಾಂ. ಹಳೇ ಎಟಿಎಂ ಕಾರ್ಡಿನಲ್ಲಿ ತೆಳ್ಳಗೆ ಎಳೆಯಬೇಕು. ದಪ್ಪ ಸವರಿದರೆ ಅಂಟಿನ ನೀರು ಹಾಳೆಗೆ ಇಳಿದು ರಟ್ಟು ಹಪ್ಪಳದ ಹಾಗೆ ಸೊಟ್ಟಗಾಗುತ್ತದೆ. ಮೈದಾ ಅಂಟು ಅಗ್ಗ, ಆದರೆ ಜಿರಳೆ ಮತ್ತು ಪುಸ್ತಕದ ಹುಳುವಿಗೆ ಅದು ಊಟ. ಬೈಂಡಿಂಗ್ ಮಾಡುವವರು ಅದಕ್ಕೇ ಮೈದಾಕ್ಕೆ ಮೈಲುತುತ್ತ ಬೆರೆಸುತ್ತಾರೆ; ಅದು ವಿಷ, ಮಕ್ಕಳಿರುವ ಮನೆಯಲ್ಲಿ ಬೇಡ. ಕಾಗದ ನೆನೆಸಿ ಮೆಂತ್ಯದ ಜೊತೆ ರುಬ್ಬಿ ಬುಟ್ಟಿ ಮಾಡುವ, ಮೊರಕ್ಕೆ ಬಳಿಯುವ ಪದ್ಧತಿ ನಮ್ಮ ಕಡೆಯ ಅಜ್ಜಿಯರಿಗೆ ಗೊತ್ತಿದ್ದದ್ದೇ. ಆ ತಿರುಳು ಬುಟ್ಟಿಗೆ ಒಳ್ಳೆಯದು, ಕಪಾಟಿಗಲ್ಲ. ಅಷ್ಟು ದಪ್ಪದ್ದು ಒಣಗಲು ತುಂಬಾ ದಿನ ಹಿಡಿಯುತ್ತದೆ, ಮಳೆಗಾಲದಲ್ಲಿ ಒಳಗೊಳಗೇ ಬೂಸ್ಟು ಬರುತ್ತದೆ.

ಅಂಟಿಸಿದ ತುಂಡುಗಳನ್ನು ನಡುವೆ ಪೇಪರ್ ಹಾಕುತ್ತ ಒಂದರ ಮೇಲೊಂದು ಪೇರಿಸಿ, ಮೇಲೆ 20 ಲೀಟರಿನ ನೀರಿನ ಕ್ಯಾನ್ ಇಟ್ಟು ರಾತ್ರಿಯಿಡೀ ಬಿಡಬೇಕು. ಕ್ಯಾನ್ ಅಡಿಗೆ ಒಂದು ಮರದ ಹಲಗೆಯೋ ಚಪಾತಿ ಮಣೆಯೋ ಇರಲಿ. ಇಲ್ಲದಿದ್ದರೆ ಬೆಳಿಗ್ಗೆ ಮೇಲಿನ ರಟ್ಟಿನಲ್ಲಿ ಕ್ಯಾನಿನ ತಳದ ಅಂಚು ಬಳೆಯ ಆಕಾರದಲ್ಲಿ ಒತ್ತಿರುತ್ತದೆ, ಆ ಗೆರೆಯುದ್ದಕ್ಕೂ ಅಲೆ ಸತ್ತಿರುತ್ತದೆ.

ಜೋಡಣೆಗೆ ಸ್ಕ್ರೂ ಇಲ್ಲ. ಹಲಗೆಯ ಎರಡೂ ತುದಿಯಲ್ಲಿ 8 ಸೆಂ.ಮೀ. ಅಗಲದ ಎರಡೆರಡು ನಾಲಿಗೆ ಬಿಟ್ಟು ಉಳಿದದ್ದನ್ನು 14 ಮಿ.ಮೀ. ಒಳಕ್ಕೆ ಕೊಯ್ಯಬೇಕು. ಪಕ್ಕದ ಗೋಡೆಯಲ್ಲಿ ಮೇಲಿನಂಚಿನಿಂದ 3 ಸೆಂ.ಮೀ., ಕೆಳಗಿನಂಚಿನಿಂದಲೂ 3 ಸೆಂ.ಮೀ. ಬಿಟ್ಟು ನಾಲಿಗೆಗೆ ತಕ್ಕ ಕಿಂಡಿ. ನಾಲಿಗೆಯ ದಪ್ಪ 21 ಇದ್ದರೆ ಕಿಂಡಿ 20 ಮಿ.ಮೀ. ಇರಲಿ, ರಟ್ಟು ಅಷ್ಟು ಬಗ್ಗಿಕೊಡುತ್ತದೆ. ಕಿಂಡಿ 22 ಆದರೆ ಖಾನೆ ಲೊಡಲೊಡ, 18 ಆದರೆ ನಾಲಿಗೆ ಜಜ್ಜಿಹೋಗುತ್ತದೆ. ಒಳಗೆ ಸಿಗುವ ಎತ್ತರ ಸುಮಾರು 26 ಸೆಂ.ಮೀ.; ಕನ್ನಡದ ಕಾದಂಬರಿ, ಕವನ ಸಂಕಲನಗಳು ಆರಾಮಾಗಿ ನಿಲ್ಲುತ್ತವೆ, ಎ4 ಫೈಲು ನಿಲ್ಲದು. ಫೈಲಿಗೆ ಗೋಡೆಯನ್ನು 42 ಸೆಂ.ಮೀ. ಮಾಡಿಕೊಳ್ಳಿ.

ಬೆನ್ನಿನ ರಟ್ಟನ್ನು ಅಂದಕ್ಕೆ ಎಂದುಕೊಂಡು ಬಿಟ್ಟುಬಿಡುವವರಿದ್ದಾರೆ. ಅದಿಲ್ಲದಿದ್ದರೆ ಚೌಕ ಒಂದು ಕಡೆಗೆ ವಾಲಿ ಓರೆಯಾಗುತ್ತದೆ, ನಾಲಿಗೆಗಳು ಒಂದೊಂದಾಗಿ ಕೀಳುತ್ತವೆ. ಪುಸ್ತಕ ತುಂಬಿದ ಒಂದು ಖಾನೆಯ ಭಾರ ಹತ್ತು ಕಿಲೊ ಸುತ್ತಮುತ್ತ, ಮೂರು ಪೇರಿಸಿದರೂ ಕೆಳಗಿನ ಗೋಡೆಗಳಿಗೆ ಅದು ಲೆಕ್ಕಕ್ಕಿಲ್ಲ. ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಕ್ರೀಡಾಪಟುಗಳು ಮಲಗಿದ ರಟ್ಟಿನ ಮಂಚಗಳು 200 ಕಿಲೊ ಹೊರುವಂಥವು. ಕಪಾಟು ಕೆಡುವುದು ಒಂದೋ ಓರೆಯಾಗಿ, ಇಲ್ಲವೇ ತೇವದಿಂದ. ಓರೆಗೆ ಬೆನ್ನು ಸಾಕು. ಕಾಗದದ ಟೇಪಿನಿಂದ ಸುತ್ತ ಅಂಟಿಸಿ. ಕಂದು ಬಣ್ಣದ ಪ್ಲಾಸ್ಟಿಕ್ ಟೇಪ್ ಬೇಡ, ಮುಂದೆ ರಟ್ಟನ್ನು ಗುಜರಿಗೆ ಕೊಡುವಾಗ ಕಿತ್ತು ತೆಗೆಯಬೇಕಾಗುತ್ತದೆ.

ತೇವ ಬರುವ ದಾರಿ ನಮ್ಮ ಮನೆಗಳಲ್ಲಿ ನೆಲ ಒರೆಸುವ ಬಟ್ಟೆ. ದಿನಾ ಒರೆಸುವ ನೆಲದ ಮೇಲೆ ರಟ್ಟನ್ನು ನೇರ ನಿಲ್ಲಿಸಿದರೆ ಕೆಳಗಿನ ಅಂಚು ನೀರು ಹೀರಿ ಅಲೆಯ ಕೊಳವೆಗಳಲ್ಲಿ ಮೇಲಕ್ಕೆ ಏರಿಸುತ್ತದೆ. ಕಪಾಟಿನ ಕೆಳಗೆ ಕಡಪ ಕಲ್ಲಿನ ಅಥವಾ ಟೈಲ್ಸಿನ ಎರಡು ಇಂಚು ಅಗಲದ ಚೂರುಗಳನ್ನು ಎರಡು ಸಾಲು ಪೇರಿಸಿಡಿ, ಮೇಲಿನ ಚೂರು ಒಣಗಿರಬೇಕು. ಕಾಗದದ ಕೊಳವೆಗಳಿಂದ ಮನೆ ಕಟ್ಟುವ ಜಪಾನಿನ ವಾಸ್ತುಶಿಲ್ಪಿ ಶಿಗೆರು ಬಾನ್ ಕೂಡ ಅವನ್ನು ನೇರ ನೆಲದ ಮೇಲೆ ನಿಲ್ಲಿಸಲಿಲ್ಲ: 1995ರ ಕೋಬೆ ಭೂಕಂಪದ ನಂತರ ಮರಳು ತುಂಬಿದ ಬಿಯರ್ ಕ್ರೇಟುಗಳ ಮೇಲೆ, 2001ರಲ್ಲಿ ಭುಜ್‌ನಲ್ಲಿ ಬಿದ್ದ ಕಟ್ಟಡಗಳ ಕಲ್ಲುಮಣ್ಣಿನ ಅಡಿಪಾಯದ ಮೇಲೆ ಮನೆಗಳನ್ನು ನಿಲ್ಲಿಸಿದರು. ಗಾಳಿಯ ತೇವವೂ ಸಣ್ಣದಲ್ಲ. ತೇವಾಂಶ ಶೇ. 90 ಮುಟ್ಟಿದರೆ ರಟ್ಟಿನ ಡಬ್ಬದ ತಾಕತ್ತು ಹೆಚ್ಚುಕಡಿಮೆ ಅರ್ಧಕ್ಕಿಳಿಯುತ್ತದೆ. ಬೆಂಗಳೂರು, ರಾಯಚೂರಿಗೆ ನಡೆಯುವ ಕಪಾಟು ಮಂಗಳೂರಿನ ಜುಲೈಗೆ ನಡೆಯದು. ಅಲ್ಲಿ ಹಲಗೆಯ ಅಗಲವನ್ನು 36ರಿಂದ 28ಕ್ಕೆ ಇಳಿಸಿ, ಗೋಡೆಗೆ ಮೂರು ಪದರ ಕೊಡಿ.

ತೆರೆದ ಅಂಚುಗಳನ್ನು 5 ಸೆಂ.ಮೀ. ಅಗಲದ ಕಾಗದದ ಪಟ್ಟಿಯಿಂದ ಮುಚ್ಚುವುದು ಬೇಸರದ ಕೆಲಸ, ಬಿಡುವಂತಿಲ್ಲ. ಅಲೆಯ ಕೊಳವೆಯಷ್ಟು ಹಿತವಾದ ಜಾಗ ಮರಿಜಿರಳೆಗೆ ಬೇರೆ ಇಲ್ಲ. ವಾರ್ನಿಷ್ ಕೆಳಗಿನ ಖಾನೆಗೆ ಮಾತ್ರ ಸಾಕು, ನೀರಿನಲ್ಲಿ ಕಲೆಸುವಂಥದ್ದು, ತೆಳ್ಳಗೆ ಎರಡು ಕೋಟು. ಮೊದಲ ಕೋಟಿಗೆ ಹಾಳೆಯ ನಾರು ನಿಮಿರಿ ಒರಟಾಗುತ್ತದೆ, 220 ನಂಬರಿನ ಉಪ್ಪು ಕಾಗದದಲ್ಲಿ ಹಗುರಾಗಿ ಉಜ್ಜಿ ಎರಡನೆಯದು ಹಚ್ಚಿ. ಇಡೀ ಕಪಾಟಿಗೆ ಬಳಿದರೆ ಅದು ಮತ್ತೆ ಕಾಗದವಾಗುವುದು ಕಷ್ಟ. ಆಮೇಲೆ ಪರಿಸರದ ಮಾತಾಡಿ ಏನು ಬಂತು? ದೇವರ ದೀಪ, ಗ್ಯಾಸ್ ಒಲೆ, ಗೆದ್ದಲು ಹಿಡಿದ ಗೋಡೆ, ಈ ಮೂರರ ಹತ್ತಿರ ಇದನ್ನು ಇಡಲೇಬೇಡಿ.

ಖಾನೆಗಳನ್ನು ಪೇರಿಸುವಾಗ ಗೋಡೆಯ ಅಂಚಿನ ಮೇಲೆ ಅಂಚೇ ಕೂರಬೇಕು. ಜಾರದಂತೆ ಮೂರು ಪ್ಲೈ ರಟ್ಟನ್ನು ಮಡಚಿದ ಕ್ಲಿಪ್ಪು, ಪ್ರತಿ ಸಂದಿಗೆ ನಾಲ್ಕು. ಮನೆ ಬದಲಿಸುವಾಗ ಬೆನ್ನಿನ ಟೇಪ್ ಕೊಯ್ದು ನಾಲಿಗೆ ಎಳೆದರೆ ಮೂರೂ ಖಾನೆ ಚಪ್ಪಟೆಯಾಗಿ ಒಂದು ಕಟ್ಟಿಗೆ ಬರುತ್ತವೆ, ಸ್ಕೂಟರಿನಲ್ಲಿ ಹಿಂದೆ ಕೂತವರು ಹಿಡಿದುಕೊಂಡು ಹೋಗಬಹುದು. ಬಿಚ್ಚುವ ಮೊದಲು ನಾಲಿಗೆಗೂ ಅದರ ಕಿಂಡಿಗೂ ಒಂದೇ ನಂಬರು ಬರೆದಿಡಿ. ಕೈಯಲ್ಲಿ ಕೊಯ್ದ ಕಿಂಡಿಗಳು ಒಂದರಂತೆ ಒಂದಿರುವುದಿಲ್ಲ, ಅದಲುಬದಲಾದರೆ ಕೂರುವುದೇ ಇಲ್ಲ.