ಬೆರಳು ಹುಡುಕುವುದು ಒರಟು ಅಂಚನ್ನು

ಕೂತಲ್ಲೇ ಕಾಲು ಅಲ್ಲಾಡಿಸುವುದು, ಕೂದಲನ್ನು ಬೆರಳಿಗೆ ಸುತ್ತುವುದು, ಒಂದೇ ರಾಗ ಗುನುಗುವುದು, ಹಿಂದಕ್ಕೂ ಮುಂದಕ್ಕೂ ತೂಗಾಡುವುದು. ಇವೆಲ್ಲ ಸ್ಟಿಮ್ಮಿಂಗ್, ಅಂದರೆ ಮನಸ್ಸನ್ನು ಹದಕ್ಕೆ ತರಲು ಮೈ ಮತ್ತೆ ಮತ್ತೆ ಮಾಡುವ ಚಲನೆ ಅಥವಾ ಸದ್ದು. ಆಟಿಸಂ ಅಥವಾ ಎಡಿಎಚ್‌ಡಿ (ಗಮನ ಒಂದೆಡೆ ನಿಲ್ಲದ, ಚಡಪಡಿಸುವ ಸ್ಥಿತಿ) ಇರುವವರಲ್ಲಿ ಹೆಚ್ಚು, ಉಳಿದವರಲ್ಲಿ ಅಷ್ಟಿಷ್ಟು. ಗದ್ದಲ, ಕಣ್ಣು ಕುಕ್ಕುವ ಬೆಳಕು, ಬೇಸರ, ಗಾಬರಿ, ಕೆಲವೊಮ್ಮೆ ಬರೀ ಖುಷಿಗೂ ಶುರುವಾಗುತ್ತದೆ. ಬಲವಂತವಾಗಿ ತಡೆದು ಕೂತರೆ ಗಮನವೆಲ್ಲ ಆ ತಡೆಯುವುದಕ್ಕೇ ಖರ್ಚು. ಮೀಟಿಂಗ್ ಮುಗಿದಾಗ ಯಾರು ಏನು ಹೇಳಿದರೆಂಬುದೇ ನೆನಪಿರುವುದಿಲ್ಲ. ಹಾಗಾಗಿ ಯಾರಿಗೂ ನೋವಾಗದ ಸ್ಟಿಮ್ ಅನ್ನು ಅದರ ಪಾಡಿಗೆ ಬಿಡಿ. ಕಾಲು ಅಲ್ಲಾಡಿಸಿದರೆ ಮೇಜು ನಡುಗುತ್ತದೆಯೇ? ಕುರ್ಚಿಯನ್ನು ಒಂದು ಗೇಣು ಹಿಂದೆ ಸರಿಸಿ, ಸಾಕು.

ಬದಲಿ ಬೇಕಾಗುವುದು ಮೈಗೆ ಗಾಯ ಮಾಡುವಂಥವಕ್ಕೆ. ಉಗುರಿನ ಪಕ್ಕದ ಚರ್ಮ ಕೀಳುವುದನ್ನೇ ನೋಡಿ. ಹೆಬ್ಬೆರಳು ಉಳಿದ ಬೆರಳುಗಳ ಅಂಚನ್ನು ಸವರುತ್ತಾ ಹೋಗುತ್ತದೆ. ಎಲ್ಲೋ ಒಂದು ಸಿಬಿರು ಸಿಕ್ಕುತ್ತದೆ. ಎಳೆದರೆ ಅದು ಹೊರಗೆ ತುಂಡಾಗದೆ ಒಳಕ್ಕೆ, ಹಸಿ ಮಾಂಸದವರೆಗೆ ಸೀಳುತ್ತದೆ. ಅಲ್ಲಿಂದ ಸೋಂಕು ಒಳಹೊಕ್ಕರೆ ಉಗುರುಸುತ್ತು. ವಾಸಿಯಾಗುವಾಗ ಕಟ್ಟುವ ಹಕ್ಕಳೆ ಮತ್ತೊಂದು ಒರಟು ಅಂಚು, ಬೆರಳು ಮತ್ತೆ ಅಲ್ಲಿಗೇ.

ಇಲ್ಲಿ ಬೆರಳಲ್ಲಿ ತಿರುಗಿಸುವ ಆಟಿಕೆ ಫಿಜೆಟ್ ಸ್ಪಿನ್ನರ್ ಸೋಲುವುದು ಯಾಕೆಂದರೆ ಅದು ನುಣ್ಣಗೆ ತಿರುಗುತ್ತದೆ, ಬೆರಳು ಹುಡುಕುತ್ತಿರುವುದು ಒರಟನ್ನು. ವೆಲ್ಕ್ರೋದ ಒರಟು ಬದಿಯ 2 ಇಂಚಿನ ತುಂಡನ್ನು ಮೇಜಿನ ಅಡಿ, ಕೈ ತಾನಾಗಿ ತಲುಪುವ ಜಾಗದಲ್ಲಿ ಅಂಟಿಸಿ. ಹೊರಗೆ ಹೋದಾಗ ಹಲ್ಲಿನಂಚಿನ ನಾಣ್ಯ ಜೇಬಿನಲ್ಲಿರಲಿ. ಜೊತೆಗೆ ನೇಲ್ ಕಟರ್: ಸಿಬಿರು ಸಿಕ್ಕರೆ ಎಳೆಯದೆ ಬುಡಕ್ಕೆ ಕತ್ತರಿಸಿ. ರಾತ್ರಿ ವ್ಯಾಸಲಿನ್ ಹಚ್ಚಿದರೆ ಚರ್ಮ ಮೆತ್ತಗಾಗಿ, ಬೆಳಿಗ್ಗೆ ಹುಡುಕಲು ಒರಟು ಅಂಚು ಕಡಿಮೆ. ಗಾಯವಾದ ಬೆರಳಿಗೆ ಪ್ಲಾಸ್ಟರ್ ಸುತ್ತಿ.

ಅಷ್ಟಕ್ಕೆ ಬಗ್ಗದಿದ್ದರೆ ಹ್ಯಾಬಿಟ್ ರಿವರ್ಸಲ್ ಇದೆ, ಅಂದರೆ ಚಟವನ್ನು ಗುರುತಿಸಿ ಅದರ ಜಾಗದಲ್ಲಿ ಬೇರೆ ಕ್ರಿಯೆ ಮಾಡುವ ಅಭ್ಯಾಸ. ಅಜ್ರಿನ್ ಮತ್ತು ನನ್ ಎಂಬ ಮನೋವಿಜ್ಞಾನಿಗಳು 1973ರಲ್ಲಿ ಮಂಡಿಸಿದ ವಿಧಾನ. ಕೀಳುವ ಆಸೆ ಎದ್ದಾಗ ಮುಷ್ಟಿ ಬಿಗಿಹಿಡಿದು ಸುಮಾರು 1 ನಿಮಿಷ ಇರಬೇಕು. ಹೆಚ್ಚಿನವರು ಎಡವುವುದು ಮೊದಲ ಮೆಟ್ಟಿಲಲ್ಲಿ: ಕೈ ಹೊರಟದ್ದೇ ಗೊತ್ತಾಗಿರುವುದಿಲ್ಲ, ರಕ್ತ ಬಂದ ಮೇಲೆ ಮುಷ್ಟಿ ಹಿಡಿದು ಏನು ಬಂತು? ಮೊದಲ ಒಂದು ವಾರ ಏನನ್ನೂ ತಡೆಯದೆ ಬರೀ ಬರೆದಿಡಿ: ಎಷ್ಟು ಹೊತ್ತಿಗೆ, ಯಾವ ಬೆರಳು, ಆಗ ಏನು ನಡೆಯುತ್ತಿತ್ತು. ಓದುವಾಗ ಎಡಗೈ ಸುಮ್ಮನಿರುವುದೇ ಕಾರಣ ಅಂತ ತಿಳಿದರೆ ಅರ್ಧ ಕೆಲಸ ಆದಂತೆ.

ಕಚ್ಚುವ ಚಟವಿದ್ದರೆ ಪೆನ್ನಿನ ಮುಚ್ಚಳ ಬೇಡ, ಗಂಟಲಿಗೆ ಸಿಕ್ಕೀತು. ಜಗಿಯಲೆಂದೇ ಮಾಡಿದ ಫುಡ್ ಗ್ರೇಡ್ ಸಿಲಿಕೋನ್ ವಸ್ತುಗಳಿವೆ. ದವಡೆ ಹಲ್ಲಿನಲ್ಲಿ ಬಲವಾಗಿ ಕಚ್ಚುವವರು ಗಟ್ಟಿಯದನ್ನೇ ಆರಿಸಬೇಕು, ಮೆತ್ತಗಿನದು ಬೇಗ ಹರಿಯುತ್ತದೆ. ದಿನಾ ಸೋಪಿನಲ್ಲಿ ತೊಳೆಯುವಾಗ ಎಳೆದು ನೋಡಿ. ಬಿರುಕು ಕಂಡರೆ ಕಸಕ್ಕೆ. ಕೆನ್ನೆಯ ಒಳಭಾಗ ಕಚ್ಚುವವರಿಗೆ ಸಕ್ಕರೆಯಿಲ್ಲದ ಚ್ಯೂಯಿಂಗ್ ಗಮ್ ಆದೀತು, ದಿನವಿಡೀ ಜಗಿದರೆ ಮಾತ್ರ ದವಡೆ ಕೀಲು ನೋಯುತ್ತದೆ.

ತಲೆ ಚಚ್ಚಿಕೊಳ್ಳುವುದು, ಕಿತ್ತ ಕೂದಲು ನುಂಗುವುದು ಇವೆಲ್ಲ ವೈದ್ಯರ ಬಳಿಗೆ ಹೋಗಬೇಕಾದವು. ನುಂಗಿದ ಕೂದಲು ಹೊಟ್ಟೆಯಲ್ಲಿ ಉಂಡೆಗಟ್ಟಬಹುದು. ಇನ್ನೊಂದು: ಚಿಕ್ಕಂದಿನಿಂದ ಇಲ್ಲದ ಚಡಪಡಿಕೆ ಹೊಸ ಮಾತ್ರೆ ಶುರುಮಾಡಿದ ಮೇಲೆ ಬಂದು, ನಿಂತಲ್ಲಿ ನಿಲ್ಲಲಾಗದಂತಾದರೆ ಅದು ಸ್ಟಿಮ್ ಅಲ್ಲದಿರಬಹುದು. ಕೆಲವು ಮನೋರೋಗದ ಔಷಧಿಗಳ ಅಡ್ಡಪರಿಣಾಮ ಹೀಗೇ ಕಾಣುತ್ತದೆ. ಮಾತ್ರೆಯನ್ನು ನೀವೇ ನಿಲ್ಲಿಸದೆ, ಬರೆದುಕೊಟ್ಟವರಿಗೆ ಅಂದೇ ತಿಳಿಸಿ.